ಮುಖದ ಕಳೆ, ಲೇಸರ್ ಕಲೆ

ಕಳೆದ ದೀಪಾವಳಿಗೆ ಮೈಸೂರಿಗೆ ಹೋಗಿದ್ದಾಗ ಅತ್ತಿಗೆ ಒಲೆಯ ಮುಂದೆ ಕಜ್ಜಾಯ ಕರಿಯುತ್ತಲೇ ಕೇಳಿದರು: “ಮುಖಕ್ಕೆ ಲೇಸರ್ ಮಾಡಿಸ್ಕೊಂಡ್ರೆ ಹೇಗೋ? ಪುಟ್ಟಿ ಮದುವೆ ಹೊತ್ತಿಗೆ ಒಂಚೂರು ಕಳೆ ಬರತ್ತೆ ಅಂತಾರೆ.”

“ಯಾವುದಕ್ಕೆ ಅತ್ತಿಗೆ?” ಅಂದೆ.

“ಮುಖಕ್ಕೇ ಅಂದ್ನಲ್ಲೋ!”

ಅತ್ತಿಗೆಯ ಎರಡೂ ಕೆನ್ನೆಯ ಮೇಲೆ ಬಂಗು ಇದೆ. ಎರಡನೆಯ ಬಾಣಂತನದ ಹೊತ್ತಿಗೆ ಬಂದದ್ದು, ಹೋಗಲೇ ಇಲ್ಲ. ಹುಬ್ಬುಗಳ ನಡುವೆ ಎರಡು ನಿಲುವುಗೆರೆಗಳಿವೆ. ಕನ್ನಡಕ ಬೇಡವೆಂದು ಹಟ ಹಿಡಿದು ಕಣ್ಣು ಕಿರಿದು ಮಾಡಿ ಓದಿದ್ದರ ಬಳುವಳಿ. ಕಾಲೇಜು ದಿನಗಳ ಮೊಡವೆ ಬಿಟ್ಟುಹೋದ ನಾಲ್ಕಾರು ಗುಳಿಗಳಿವೆ. ಐವತ್ತು ದಾಟಿದ ಮೇಲೆ ಕಣ್ಣ ಕೆಳಗೆ ತಗ್ಗು ಬಿದ್ದಿದೆ. ಅವರ ಲೆಕ್ಕದಲ್ಲಿ ಇವೆಲ್ಲ ಸೇರಿ ಒಂದೇ ಮುಖ. ಚರ್ಮವೈದ್ಯರ ಲೆಕ್ಕದಲ್ಲಿ ನಾಲ್ಕು ಬೇರೆ ಬೇರೆ ಕೆಲಸ. ಈ ನಾಲ್ಕರಲ್ಲಿ ಎರಡಕ್ಕೆ ಲೇಸರಿನಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ, ಒಂದಕ್ಕೆ ಇದೆ, ಉಳಿದ ಒಂದನ್ನು ಅದು ಕೆಡಿಸಲೂಬಹುದು. ಕಳೆ ಬರಲಿ ಎಂದು ಹೋಗಿ ಕಲೆ ತಂದುಕೊಂಡವರನ್ನು ನಾನು ನೋಡಿದ್ದೇನೆ. ಹಾಗಾಗಿ ಅತ್ತಿಗೆಗೆ ಅಂದು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತಿದ್ದೇನೆ.

ಲೇಸರಿಗೆ ಮುಖ ಕಾಣುವುದಿಲ್ಲ. ಅದಕ್ಕೆ ಕಾಣುವುದು ಮುಖ್ಯವಾಗಿ ಮೂರೇ: ಚರ್ಮದ ಬಣ್ಣವಾದ ಮೆಲನಿನ್, ರಕ್ತದ ಕೆಂಪು, ಮತ್ತು ನೀರು. 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಸರಳಿನಿಂದ ಮೊದಲ ಲೇಸರ್ ಹೊಮ್ಮಿಸಿದರು. ಅದಾಗಿ ಕೆಲವೇ ವರ್ಷಗಳಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಬಿಟ್ಟು ನೋಡಿದರು. ಒಂದೊಂದು ಲೇಸರಿನ ಬೆಳಕಿಗೂ ಒಂದೊಂದು ತರಂಗಾಂತರ. ಆ ಅಳತೆಯ ಬೆಳಕನ್ನು ಯಾವ ವಸ್ತು ಹೀರಿಕೊಳ್ಳುತ್ತದೋ ಅದು ಕಾಯುತ್ತದೆ, ಬೇಯುತ್ತದೆ, ಒಡೆಯುತ್ತದೆ. ಪಕ್ಕದ್ದಕ್ಕೆ ಪೆಟ್ಟಾಗದಿರಬೇಕಾದರೆ ಬೆಳಕು ಕ್ಷಣದಲ್ಲಿ ಬಂದು ಹೋಗಬೇಕು. ಕಾವಲಿ ಕಾದಿದೆಯೇ ಎಂದು ನೋಡಲು ಬೆರಳನ್ನು ಚಟ್ಟನೆ ಮುಟ್ಟಿಸಿ ತೆಗೆಯುತ್ತೇವಲ್ಲ, ಹಾಗೆ. ಮುಟ್ಟಿ ತೆಗೆದರೆ ಬಿಸಿ ತಿಳಿಯುತ್ತದೆ, ಇಟ್ಟುಕೊಂಡರೆ ಬೊಬ್ಬೆ ಏಳುತ್ತದೆ. ಈ ಲೆಕ್ಕಾಚಾರವನ್ನು 1983ರಲ್ಲಿ ಬಾಸ್ಟನ್ನಿನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಸಿದ್ಧಾಂತವಾಗಿ ಬರೆದಿಟ್ಟರು. ಇಂದಿನ ಚರ್ಮದ ಲೇಸರುಗಳು ನಿಂತಿರುವುದು ಅದರ ಮೇಲೆಯೇ.

ಮುಖದ ಸುಕ್ಕು, ಗುಳಿಗಳಿಗೆ ಹೆಚ್ಚಾಗಿ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರಿನ ಹಿಂದೆ ನಮ್ಮ ನೆರೆಯವರೊಬ್ಬರಿದ್ದಾರೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದ ಸಿ. ಕುಮಾರ್ ಪಟೇಲ್ 1964ರಲ್ಲಿ ಅದನ್ನು ಕಂಡುಹಿಡಿದರು. ಅದರ ಬೆಳಕು 10,600 ನ್ಯಾನೊಮೀಟರಿನದು, ಕಣ್ಣಿಗೆ ಕಾಣದ್ದು. ನೀರನ್ನು ಕಂಡರೆ ಬಿಡದು. ಚರ್ಮದ ತುಂಬ ನೀರೇ ಇರುವುದರಿಂದ ಬಿದ್ದಲ್ಲಿ ಮೇಲ್ಪದರ ಆವಿಯಾಗಿ ಹೋಗುತ್ತದೆ, ಕೆಳಗೆ ಉಳಿದ ಕಾವಿಗೆ ಒಳಚರ್ಮದ ಕೊಲಾಜೆನ್ ನಾರುಗಳು ಬಿಗಿಯುತ್ತವೆ. ಗಾಯ ಮಾಯುವಾಗ ದೇಹ ಹೊಸ ಕೊಲಾಜೆನ್ ನೇಯುತ್ತದೆ. ನವಯೌವನ, ಪುನರುಜ್ಜೀವನ ಎಂದು ಜಾಹೀರಾತು ಏನೇ ಹೇಳಲಿ, ಒಳಗೆ ನಡೆಯುವುದು ಇಷ್ಟೇ: ಬೇಕೆಂದೇ ಗಾಯ ಮಾಡುವುದು, ಚೆನ್ನಾಗಿ ಮಾಯಲು ಬಿಡುವುದು.

1990ರ ದಶಕದಲ್ಲಿ ಅಮೆರಿಕದಲ್ಲಿ ಇಡೀ ಮುಖದ ಮೇಲ್ಪದರವನ್ನೇ ಹೀಗೆ ಸುಲಿದು ತೆಗೆಯುತ್ತಿದ್ದರು. ಫಲ ಬೆರಗು ಹುಟ್ಟಿಸುವಂತಿತ್ತು, ಬೆಲೆಯೂ ಅಷ್ಟೇ ದುಬಾರಿ: ಎರಡು ವಾರ ಹಸಿಗಾಯದ ಮುಖ, ತಿಂಗಳುಗಟ್ಟಲೆ ಕೆಂಪು, ಕೆಲವರಿಗೆ ವರ್ಷದ ಮೇಲೆ ಕಾಣಿಸಿಕೊಂಡ ಬಿಳಿಚು. 2004ರಲ್ಲಿ ಆಂಡರ್ಸನ್ ಅವರ ಬಳಗವೇ ‘ಫ್ರಾಕ್ಷನಲ್’ ವಿಧಾನವನ್ನು ಮುಂದಿಟ್ಟಿತು. ಇಡೀ ಹೊಲ ಅಗೆಯುವುದನ್ನು ಬಿಟ್ಟು ಅಡಿಕೆ ಸಸಿಗೆ ಅಂತರ ಬಿಟ್ಟು ಗುಂಡಿ ತೋಡುವ ಹಾಗೆ, ಕೂದಲೆಳೆಯಷ್ಟು ಸಣ್ಣ ಸಾವಿರಾರು ತೂತುಗಳನ್ನು ಕೊರೆದು ನಡುವಿನ ಚರ್ಮವನ್ನು ಮುಟ್ಟದೆ ಉಳಿಸುವ ಉಪಾಯ. ಉಳಿದ ಚರ್ಮದಿಂದ ಗಾಯ ಬೇಗ ತುಂಬಿಕೊಳ್ಳುತ್ತದೆ. ವಾರದೊಳಗೆ ಸಿಪ್ಪೆ ಉದುರಿ ಮುಖ ಹೊರಗೆ ತೋರಿಸುವಂತಾಗುತ್ತದೆ. ಒಂದು ಸಿಟ್ಟಿಂಗ್ ಸಾಲದು. ಮೂರೋ ನಾಲ್ಕೋ ಬೇಕು, ನಡುವೆ ತಿಂಗಳು, ಒಂದೂವರೆ ತಿಂಗಳ ಬಿಡುವು. ಹೊಸ ಕೊಲಾಜೆನ್ ಕಣ್ಣಿಗೆ ಕಾಣಲು ಮೂರರಿಂದ ಆರು ತಿಂಗಳು.

ಇಷ್ಟೆಲ್ಲ ಚೆನ್ನಾಗಿದೆ. ತೊಡಕು ಇರುವುದು ನಮ್ಮ ಬಣ್ಣದಲ್ಲಿ.

1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯರು ಬಿಸಿಲಿಗೆ ಚರ್ಮ ಸುಡುತ್ತದೆಯೋ ಕಪ್ಪಾಗುತ್ತದೆಯೋ ಎಂಬುದನ್ನು ನೋಡಿ ಜನರನ್ನು ವಿಂಗಡಿಸುವ ಪದ್ಧತಿ ಹುಟ್ಟುಹಾಕಿದರು. ಮೊದಲು ಅದರಲ್ಲಿ ಇದ್ದವರೆಲ್ಲ ಬಿಳಿಯರೇ. ಕಂದು ಮತ್ತು ಕಪ್ಪು ಚರ್ಮಕ್ಕೆ ಐದನೆಯ, ಆರನೆಯ ಮನೆ ಕಟ್ಟಿದ್ದು ಆಮೇಲೆ. ನಮ್ಮಲ್ಲಿ ಬಹುಪಾಲು ಜನ ನಾಲ್ಕು–ಐದನೆಯ ಮನೆಯವರು. ಮೆಲನಿನ್ ನಮಗೆ ಕೊಟ್ಟಿರುವ ವರ ದೊಡ್ಡದು: ಬಿಳಿಯರಿಗಿಂತ ನಮಗೆ ಸುಕ್ಕು ತಡವಾಗಿ ಬರುತ್ತದೆ, ಚರ್ಮದ ಕ್ಯಾನ್ಸರ್ ತೀರ ಕಡಿಮೆ. ಆದರೆ ಅದೇ ಮೆಲನಿನ್ ಲೇಸರಿನ ಬೆಳಕನ್ನು ದಾರಿಯಲ್ಲೇ ತಡೆದು ತಾನು ಕುಡಿಯುತ್ತದೆ. ಜೊತೆಗೆ ನಮ್ಮ ಬಣ್ಣದ ಕೋಶಗಳಿಗೆ ಮುಂಗೋಪ. ಮೊಡವೆ ಚಿವುಟಿದರೆ ಕಪ್ಪುಕಲೆ, ಎಣ್ಣೆ ಸಿಡಿದರೆ ಕಪ್ಪುಕಲೆ, ಸೊಳ್ಳೆ ಕಚ್ಚಿ ಕೆರೆದುಕೊಂಡರೂ ಕಪ್ಪುಕಲೆ. ಸಾವಿರಾರು ಸುಟ್ಟ ತೂತುಗಳನ್ನು ಅವು ಹೇಗೆ ಸ್ವಾಗತಿಸಿಯಾವು? ನೀರನ್ನು ಹುಡುಕುವ ಕಾರ್ಬನ್ ಡೈಆಕ್ಸೈಡ್ ಲೇಸರ್ ಮೆಲನಿನ್ನನ್ನು ನೇರವಾಗಿ ಮುಟ್ಟುವುದಿಲ್ಲ ನಿಜ, ಆದರೆ ಅದರ ಕಾವೇ ಸಾಕು. ಕಂದು ಮುಖದ ಮೇಲೆ ಲೇಸರ್ ಮಾಡಿದಾಗ ವೈದ್ಯರು ಮೊದಲು ಹೆದರುವುದು ಈ ಗಾಯದ ಬೆನ್ನಿಗೆ ಬರುವ ಕಪ್ಪಿಗೆ. ಸಾಮಾನ್ಯವಾಗಿ ಅದು ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಮದುವೆಯ ಫೋಟೊಗ್ರಾಫರ್ ಮಾತ್ರ ಅಷ್ಟು ತಿಂಗಳು ಕಾಯುವುದಿಲ್ಲ.

ಅತ್ತಿಗೆಯ ಗುಳಿಗಳಿಗೆ ಬರೋಣ. ಲೇಸರ್ ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಇದು. ಇಲ್ಲೂ ಅದಕ್ಕೊಬ್ಬ ಬಡ ಪೈಪೋಟಿಗಾರನಿದ್ದಾನೆ: ಸೂಜಿ. ದಕ್ಷಿಣ ಆಫ್ರಿಕಾದ ಪ್ಲಾಸ್ಟಿಕ್ ಸರ್ಜನ್ ಡೆಸ್ಮಂಡ್ ಫರ್ನಾಂಡಿಸ್ 1990ರ ದಶಕದಲ್ಲಿ ಬಳಕೆಗೆ ತಂದ ಮೈಕ್ರೊನೀಡ್ಲಿಂಗ್ ಇದು. ಸಣ್ಣ ಸೂಜಿಗಳ ರೋಲರ್ ಅಥವಾ ಪೆನ್ನಿನಿಂದ ಒಂದೂವರೆ–ಎರಡು ಮಿಲಿಮೀಟರ್ ಆಳಕ್ಕೆ ಚುಚ್ಚಿ ಅದೇ ‘ಗಾಯ ಮಾಡು, ಮಾಯಲು ಬಿಡು’ ಸೂತ್ರವನ್ನು ನಡೆಸುತ್ತಾರೆ. ಇಲ್ಲಿ ಬೆಳಕಿಲ್ಲ, ಬೇಗೆಯಿಲ್ಲ. ಆದ್ದರಿಂದ ಚರ್ಮ ಯಾವ ಬಣ್ಣದ್ದು ಎಂಬ ಪ್ರಶ್ನೆಯೂ ಅಷ್ಟು ಕಾಡುವುದಿಲ್ಲ. ಮೊಡವೆ ಗುಳಿಗಳಲ್ಲಿ ಫ್ರಾಕ್ಷನಲ್ ಲೇಸರನ್ನೂ ಸೂಜಿಯನ್ನೂ ಎದುರುಬದುರಿಟ್ಟು ನೋಡಿದಾಗ ಫಲದಲ್ಲಿ ಆನೆ–ಆಡಿನ ಅಂತರವೇನೂ ಸಿಗುವುದಿಲ್ಲ. ಕಪ್ಪುಕಲೆಯ ಭಯ ಸೂಜಿಗೆ ಕಡಿಮೆ. ನನ್ನನ್ನು ಕೇಳಿದರೆ ನಮ್ಮ ಚರ್ಮಕ್ಕೆ ಮೊದಲು ಸೂಜಿ, ಅದರಿಂದ ಆಗದಿದ್ದರೆ ಲೇಸರ್. ಹೀಗೆಂದ ಮಾತ್ರಕ್ಕೆ ಆನ್‌ಲೈನಿನಲ್ಲಿ ರೋಲರ್ ತರಿಸಿಕೊಂಡು ಬಚ್ಚಲಮನೆಯ ಕನ್ನಡಿಯ ಮುಂದೆ ಉರುಳಿಸಲು ಹೊರಡಬೇಡಿ. ಸೋಂಕು ಉಚಿತವಾಗಿ ಸಿಗುತ್ತದೆ.

ಗುಳಿಗಳಲ್ಲೂ ಜಾತಿಗಳಿವೆ. ಸೂಜಿಮೊನೆಯಲ್ಲಿ ಚುಚ್ಚಿದಂಥ ಕಿರಿದಾದ ಆಳದ ಗುಳಿಗೆ ಲೇಸರಿಗಿಂತ, ಕಡ್ಡಿಯ ತುದಿಯಲ್ಲಿ ಗಟ್ಟಿ ಟ್ರೈಕ್ಲೋರೊ ಅಸಿಟಿಕ್ ಆಮ್ಲವನ್ನು ಆ ತೂತಿಗೊಂದೇ ಮುಟ್ಟಿಸುವ ವಿಧಾನ ಹೊಂದುತ್ತದೆ. ಅಲೆಯಲೆಯಾಗಿ ತಗ್ಗಾದ ಚರ್ಮವನ್ನು ಕೆಳಗಿನಿಂದ ನಾರುಗಳು ಎಳೆದು ಹಿಡಿದಿರುತ್ತವೆ. ಮೇಲಿನಿಂದ ಎಷ್ಟು ಬೆಳಕು ಸುರಿದರೂ ಆ ಹಗ್ಗ ಹರಿಯದು. ಚರ್ಮದಡಿ ಸೂಜಿ ತೂರಿಸಿ ಅದನ್ನು ಕತ್ತರಿಸಬೇಕು. ಒಳ್ಳೆಯ ವೈದ್ಯರು ಒಂದೇ ಮುಖದ ಮೇಲೆ ಈ ಮೂರನ್ನೂ ಬೆರೆಸುತ್ತಾರೆ. ಎಲ್ಲ ಗುಳಿಗೂ ಒಂದೇ ಮೆಷಿನ್ನು ಹಿಡಿಯುವವರು ಮೆಷಿನ್ನಿನ ಸಾಲ ತೀರಿಸುತ್ತಿರುತ್ತಾರೆ ಎಂದು ನನಗೊಂದು ಗುಮಾನಿ.

ಹುಬ್ಬಿನ ನಡುವಿನ ಗೆರೆಗೆ ಲೇಸರ್ ದಂಡ. ಆ ಗೆರೆ ಚರ್ಮದ ದೋಷವಲ್ಲ, ಕೆಳಗಿನ ಸ್ನಾಯು ಮಡಚಿ ಮಡಚಿ ಹಾಕಿದ ಇಸ್ತ್ರಿ. ಸ್ನಾಯುವನ್ನು ಸುಮ್ಮನಿರಿಸುವುದು ಬೊಟಾಕ್ಸ್ ಎಂಬ ಹೆಸರಿನಿಂದ ಮನೆಮಾತಾದ ಬೋಟುಲಿನಮ್ ವಿಷ. ಕಣ್ಣಿನ ವೈದ್ಯರು ಮೆಳ್ಳೆಗಣ್ಣಿಗೂ ರೆಪ್ಪೆಯ ಸೆಳೆತಕ್ಕೂ ಬಳಸುತ್ತಿದ್ದ ಮದ್ದು ಅದು. ಕೆನಡಾದ ವ್ಯಾಂಕೂವರಿನಲ್ಲಿ ಕಣ್ಣಿನ ವೈದ್ಯೆ ಜೀನ್ ಕ್ಯಾರದರ್ಸ್ ತಮ್ಮ ರೋಗಿಯೊಬ್ಬರ ಹುಬ್ಬಿನ ಗಂಟು ಸಡಿಲವಾದದ್ದನ್ನು ಗಮನಿಸಿ, ಚರ್ಮವೈದ್ಯರಾದ ಗಂಡ ಅಲಿಸ್ಟೇರ್ ಅವರಿಗೆ ಹೇಳಿದರು. 1992ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ಹತ್ತು ವರ್ಷದ ಮೇಲೆ, 2002ರಲ್ಲಿ, ಅಮೆರಿಕದ ಔಷಧ ನಿಯಂತ್ರಕರು ಹುಬ್ಬಿನ ಗೆರೆಗೆ ಒಪ್ಪಿಗೆ ಕೊಟ್ಟರು. ಚರ್ಮದ ಬಣ್ಣದ ಗೊಡವೆ ಇದಕ್ಕಿಲ್ಲ. ವಾರದಲ್ಲಿ ಗೆರೆ ಸಡಿಲವಾಗುತ್ತದೆ, ಮೂರು–ನಾಲ್ಕು ತಿಂಗಳಲ್ಲಿ ಮರಳಿ ಬರುತ್ತದೆ, ಮತ್ತೆ ಚುಚ್ಚಿಸಬೇಕು. ಕಣ್ಣ ಕೆಳಗಿನ ತಗ್ಗು ಇನ್ನೊಂದು ಕಥೆ: ಅಲ್ಲಿ ಕಮ್ಮಿಯಾಗಿರುವುದು ಒಳಗಿನ ಕೊಬ್ಬು, ಮೂಳೆಯ ಆಸರೆ. ಹಯಲುರಾನಿಕ್ ಆಮ್ಲದ ಫಿಲ್ಲರ್ ತುಂಬಿಸುತ್ತಾರೆ. ಇಷ್ಟವಾಗದಿದ್ದರೆ ಅದನ್ನು ಕರಗಿಸುವ ಕಿಣ್ವ ಉಂಟು ಎಂಬುದು ಸಮಾಧಾನ. ಅಪ್ಪಿತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಕೊಳೆಯಬಹುದು, ಅಪರೂಪಕ್ಕೆ ಕಣ್ಣೂ ಹೋಗಬಹುದು ಎಂಬುದು ಸತ್ಯ. ಪಾರ್ಲರಿನಲ್ಲಿ ಮಾಡಿಸುವ ಕೆಲಸವಲ್ಲ ಎಂದು ಬೇರೆ ಹೇಳಬೇಕೆ? ಜೋತುಬಿದ್ದ ಗದ್ದ, ಕತ್ತಿಗೆ ಅಲ್ಟ್ರಾಸೌಂಡ್, ರೇಡಿಯೊ ಫ್ರೀಕ್ವೆನ್ಸಿ ಎಂದೆಲ್ಲ ಇವೆ. ಕೊಂಚ ಬಿಗಿಯಾಗುತ್ತದೆ, ಅಷ್ಟೇ. ಚರ್ಮ ನಿಜವಾಗಿ ಜೋತಿದ್ದರೆ ಸರ್ಜನ್ನಿನ ಕತ್ತರಿಗೆ ಬದಲಿಲ್ಲ.

ಉಳಿದದ್ದು ಬಂಗು. ನಮ್ಮ ಹೆಂಗಸರು ಲೇಸರ್ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದು ಬಹಳ ಸಲ ಇದಕ್ಕೇ, ಕೈ ಸುಟ್ಟುಕೊಳ್ಳುವುದೂ ಇಲ್ಲಿಯೇ.

ಬಂಗು ಎಂದರೆ ಒರೆಸಿ ತೆಗೆಯುವ ಕೊಳೆಯಲ್ಲ. ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನ, ಬಿಸಿಲು ಎಲ್ಲ ಸೇರಿ ಬಣ್ಣದ ಕೋಶಗಳನ್ನು ಕೆರಳಿಸಿಟ್ಟಿರುತ್ತವೆ. ಒಲೆಯ ಕಾವೂ ಅದನ್ನು ಕೆಣಕುತ್ತದೆಂಬ ಅನುಮಾನ ವೈದ್ಯರಿಗಿದೆ. 1064 ನ್ಯಾನೊಮೀಟರಿನ ಕ್ಯೂ–ಸ್ವಿಚ್ಡ್ ಲೇಸರನ್ನು ಸಣ್ಣ ಉರಿಯಲ್ಲಿ, ಹತ್ತಾರು ಸಿಟ್ಟಿಂಗ್ ಹಾಯಿಸುವುದಕ್ಕೆ ‘ಲೇಸರ್ ಟೋನಿಂಗ್’ ಎನ್ನುತ್ತಾರೆ. ಮುಖಕ್ಕೆ ಇದ್ದಿಲ ಲೇಪ ಬಳಿದು ಅದೇ ಮೆಷಿನ್ನು ಹಿಡಿದರೆ ‘ಹಾಲಿವುಡ್ ಫೇಶಿಯಲ್’. ಮೊದಲ ಕೆಲವು ವಾರ ಮುಖ ತಿಳಿಯಾಗುತ್ತದೆ, ಮನೆಮಂದಿ ಮೆಚ್ಚುತ್ತಾರೆ. ನಿಲ್ಲಿಸಿದ ಮೇಲೆ ಬಂಗು ಹಿಂತಿರುಗುವುದೇ ಹೆಚ್ಚು, ಕೆಲವೊಮ್ಮೆ ಮೊದಲಿಗಿಂತ ದಟ್ಟವಾಗಿ. ಇನ್ನೂ ಕೆಟ್ಟದ್ದೆಂದರೆ ಬಣ್ಣದ ಕೋಶಗಳೇ ಸತ್ತು ಅಕ್ಕಿಕಾಳಿನಂಥ ಬಿಳಿಚುಕ್ಕೆಗಳು ಉಳಿದುಬಿಡುವುದು. ಅವುಗಳಿಗೆ ಸುಲಭದ ಮದ್ದಿಲ್ಲ. ಬಂಗಿಗೆ ಲೇಸರ್ ಕೊನೆಯ ಸಾಲಿನದು. ಅದನ್ನು ಮೊದಲ ದಿನವೇ ಪ್ಯಾಕೇಜ್ ಮಾಡಿ ಮಾರುವ ಜಾಗದಿಂದ ಚಪ್ಪಲಿ ಮೆಟ್ಟಿ ಹೊರಬನ್ನಿ.

ಹಾಗಾದರೆ ಮೊದಲ ಸಾಲಿನದು ಯಾವುದು? ಬಣ್ಣ ತಗ್ಗಿಸುವ ಮುಲಾಮುಗಳು, ವೈದ್ಯರ ಕಣ್ಣಳತೆಯಲ್ಲಿ, ಇಂತಿಷ್ಟೇ ದಿನ. ಜೊತೆಗೆ ತೆಳು ಪೀಲ್, ಅಂದರೆ ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು. ಗ್ಲೈಕಾಲಿಕ್ ಆಮ್ಲ ಕಬ್ಬಿನಲ್ಲಿದೆ, ಲ್ಯಾಕ್ಟಿಕ್ ಆಮ್ಲ ಹುಳಿ ಮೊಸರಿನಲ್ಲಿದೆ. ಮೊಸರು–ಕಡಲೆಹಿಟ್ಟು ಹಚ್ಚಿ ತೊಳೆದುಕೊಳ್ಳುತ್ತಿದ್ದ ನಮ್ಮಜ್ಜಿಯರು ತೀರಾ ದಾರಿ ತಪ್ಪಿರಲಿಲ್ಲ, ಪ್ರಮಾಣವೊಂದು ಕಡಿಮೆಯಿತ್ತು. ಕ್ಲಿನಿಕ್ಕಿನಲ್ಲಿ ಇವನ್ನು ಅಳೆದ ಸಾಂದ್ರತೆಯಲ್ಲಿ ಹಚ್ಚಿ, ನಿಮಿಷ ಎಣಿಸಿ ತೆಗೆಯುತ್ತಾರೆ. ಮೇಲ್ಮೇಲಿನ ಪೀಲ್ ಕಂದು ಚರ್ಮಕ್ಕೆ ಸಾಮಾನ್ಯವಾಗಿ ಒಗ್ಗುತ್ತದೆ. ಆಳಕ್ಕಿಳಿಯುವ ಫೀನಾಲ್ ಪೀಲ್ ನಮಗೆ ಬೇಡವೇ ಬೇಡ. ಬಣ್ಣ ಕೆಡುವುದಿರಲಿ, ರಕ್ತಕ್ಕೆ ಸೇರಿದರೆ ಎದೆಬಡಿತ ಏರುಪೇರಾಗುವುದರಿಂದ ಇಸಿಜಿ ನೋಡುತ್ತ ಮಾಡಬೇಕಾದದ್ದು ಅದು.

ಮೆಡಿಕಲ್ ಶಾಪಿನಲ್ಲಿ ‘ಬೆಳ್ಳಗಾಗಲು ಏನಾದರೂ ಕೊಡಿ’ ಎಂದು ಕೇಳಿ ತರುವ ಟ್ಯೂಬಿನ ವಿಷಯ ಬೇರೆ. ಅದರಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ತಿಂಗಳಲ್ಲಿ ಮುಖ ಬೆಳಗುತ್ತದೆ; ಬಿಟ್ಟರೆ ಉರಿ, ಕೆಂಪು, ಮೊಡವೆ, ಕೂದಲು, ಹಾಳೆಯಂತೆ ತೆಳುವಾದ ಚರ್ಮ. ಇದು ದೇಶದಲ್ಲಿ ಎಷ್ಟು ಹಬ್ಬಿದೆಯೆಂದರೆ, ನಮ್ಮ ಚರ್ಮವೈದ್ಯರು ಸ್ಟೀರಾಯ್ಡಿಗೆ ಹಾಳಾದ ಮುಖಕ್ಕೆಂದೇ ರೋಗದ ಹೆಸರೊಂದನ್ನು ಕಟ್ಟಬೇಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅಂಗಡಿಯ ಕೌಂಟರಿನಲ್ಲಿ ನಡೆಯುವುದೇನೆಂದು ನಿಮಗೂ ಗೊತ್ತು.

ಇಷ್ಟು ಮೆಷಿನ್ನು, ಸೂಜಿ, ಆಮ್ಲಗಳ ನಡುವೆ ಯಾರೂ ದೊಡ್ಡ ಬೋರ್ಡು ಹಾಕಿ ಮಾರದ ಎರಡು ವಸ್ತುಗಳಿವೆ. ಒಂದು, ಟ್ರೆಟಿನಾಯಿನ್. ವಿಟಮಿನ್ ಎ ಕುಲದ ಈ ಮುಲಾಮನ್ನು ಮೊಡವೆಗೆಂದು ಬಳಕೆಗೆ ತಂದವರು ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್. ಹಚ್ಚಿಕೊಂಡ ನಡುವಯಸ್ಸಿನ ರೋಗಿಗಳು ಸುಕ್ಕೂ ಕಡಿಮೆಯಾಯಿತೆಂದು ಹೇಳತೊಡಗಿದರು. 1986ರಲ್ಲಿ ಬಿಸಿಲಿಗೆ ಮುಪ್ಪಾದ ಚರ್ಮ ಇದರಿಂದ ಸುಧಾರಿಸುತ್ತದೆಂದು ಅವರ ತಂಡ ತೋರಿಸಿತು. ಇದೇ ಕ್ಲಿಗ್‌ಮನ್ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ 1951ರಿಂದ 1974ರವರೆಗೆ ಪ್ರಯೋಗ ನಡೆಸಿದವರು ಎಂಬುದನ್ನೂ ಮರೆಯಬಾರದು. ಸೌಂದರ್ಯದ ಚರಿತ್ರೆಯಲ್ಲೂ ಅಳಿಸಲಾಗದ ಕಲೆಗಳಿವೆ. ಮುಲಾಮು ಮಾತ್ರ ಇವತ್ತಿಗೂ ಗಟ್ಟಿ. ಕೆಲವೇ ನೂರು ರೂಪಾಯಿಯ ಟ್ಯೂಬು, ರಾತ್ರಿ ಕಡಲೆಕಾಳಿನಷ್ಟು, ಮೊದಲ ವಾರಗಳಲ್ಲಿ ಸಿಪ್ಪೆ ಏಳುತ್ತದೆ, ಫಲ ಕಾಣಲು ತಿಂಗಳುಗಳ ತಾಳ್ಮೆ. ಬಸುರಿಯರು ಮುಟ್ಟಬಾರದು. ವೈದ್ಯರ ಚೀಟಿ ಬೇಕು.

ಇನ್ನೊಂದು, ಸನ್‌ಸ್ಕ್ರೀನ್. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ, ಕೈ ಹಿಂಬದಿಯ ಚರ್ಮದ ಅಚ್ಚು ತೆಗೆದು ಹೋಲಿಸಿದರು. ದಿನಾ ಹಚ್ಚಿದವರಲ್ಲಿ ಚರ್ಮದ ಮುಪ್ಪು, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ 24ರಷ್ಟು ಕಡಿಮೆ. 2013ರಲ್ಲಿ ಇದು ಪ್ರಕಟವಾಯಿತು. ಅದಕ್ಕೂ ಹಿಂದಿನ ವರ್ಷ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 69 ವರ್ಷದ ಚಾಲಕರೊಬ್ಬರ ಚಿತ್ರ ಬಂದಿತ್ತು. 28 ವರ್ಷ ಲಾರಿ ಓಡಿಸಿದವರು. ಕಿಟಕಿ ಬದಿಯ ಎಡಗೆನ್ನೆ ಆಳದ ಸುಕ್ಕಿನಿಂದ ಜೋತಿದ್ದರೆ ಬಲಗೆನ್ನೆ ಅದಕ್ಕಿಂತ ಎಷ್ಟೋ ಚಿಕ್ಕ ಪ್ರಾಯದ್ದು. ಸುಕ್ಕು ತರುವ ಅತಿನೇರಳೆ ಕಿರಣ ಗಾಜನ್ನೂ ದಾಟುತ್ತದೆ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಬಸ್ಸು ಓಡಿಸುವ ಅಣ್ಣಂದಿರು ಬಲಗೆನ್ನೆ ಜೋಪಾನ ಮಾಡಬೇಕು.

ಬೆಂಗಳೂರಿನವರು ತಂಪಿದೆಯೆಂದು ಬಿಸಿಲನ್ನು ಹಗುರವಾಗಿ ಎಣಿಸುತ್ತಾರೆ. ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಎತ್ತರ ಹೆಚ್ಚಿದಂತೆ ಅತಿನೇರಳೆ ಹೆಚ್ಚು. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬಂದು ಕಂಬಕ್ಕೆ ನೆರಳೇ ಇಲ್ಲದಾಗುವ ಊರು ಅದು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಶತ್ರು. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಅದನ್ನೂ ತಡೆಯುತ್ತದೆ. ಎರಡು ಬೆರಳುದ್ದ ಹಿಂಡಿಕೊಂಡರೆ ಮುಖ–ಕತ್ತಿಗೆ ಸರಿಹೋಗುತ್ತದೆ. ಸಾಸಿವೆಯಷ್ಟು ಹಚ್ಚಿ ಫಲವಿಲ್ಲವೆಂದು ಬೈಯಬಾರದು. ಇದಿಲ್ಲದೆ ಲಕ್ಷ ರೂಪಾಯಿಯ ಲೇಸರ್ ಮಾಡಿಸುವುದು ಬುಡವಿಲ್ಲದ ಕೊಡಕ್ಕೆ ನೀರು ಸೇದಿದ ಹಾಗೆ.

ಕೊನೆಗೂ ಲೇಸರ್ ಬೇಕೇ ಬೇಕು ಎಂದಾದರೆ ಹಿಡಿಯುವ ಕೈ ಯಾರದೆಂದು ನೋಡಿ. ಪಾರ್ಲರುಗಳಲ್ಲಿ ಲೇಸರ್ ಎಂದು ಕರೆಯುವುದು ಎಷ್ಟೋ ಕಡೆ ಲೇಸರೇ ಅಲ್ಲ, ಐಪಿಎಲ್ ಎಂಬ ಬಹುತರಂಗದ ಮಿಂಚುದೀಪ. ಕಂದು ಚರ್ಮವನ್ನು ಸುಡುವುದರಲ್ಲಿ ಅದರದ್ದು ಪಳಗಿದ ಕೈ. ರಕ್ತ ತೆಗೆದು ಅದರ ಪ್ಲಾಸ್ಮಾವನ್ನು ಸೂಜಿಯಿಂದ ಮುಖಕ್ಕೆ ಸೇರಿಸುವ ‘ವ್ಯಾಂಪೈರ್ ಫೇಶಿಯಲ್’ ಮಾಡಿಸಿಕೊಂಡ ಅಮೆರಿಕದ ನ್ಯೂ ಮೆಕ್ಸಿಕೊದ ಮೂವರು ಹೆಂಗಸರಿಗೆ ಪರವಾನಗಿಯಿಲ್ಲದ ಸ್ಪಾ ಒಂದರಿಂದ ಎಚ್‌ಐವಿ ತಗುಲಿತೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಮಾಡಿದೆ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ಕುಗಳು ಕೆಪಿಎಂಇ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಗೋಡೆಯ ಮೇಲೆ ಆ ಪ್ರಮಾಣಪತ್ರ ಹುಡುಕಿ. ವೈದ್ಯರು ಚರ್ಮರೋಗದಲ್ಲಿ ಎಂಡಿ ಅಥವಾ ಡಿಪ್ಲೊಮಾ ಮಾಡಿದವರೇ ಎಂದು ಕೇಳಿ. ಕೇಳಿದರೆ ಸಿಡುಕುವವರು ಬೇಡ. ಈ ಹಿಂದೆ ತುಟಿಯ ಮೇಲೆ ಸರ್ಪಸುತ್ತಿನಂಥ ಗುಳ್ಳೆ ಎದ್ದಿದ್ದರೆ ಮುಂಚೆಯೇ ಹೇಳಿ, ಲೇಸರಿನ ಗಾಯದ ಮೇಲೆ ಅದು ಮತ್ತೆ ಏಳಬಹುದು. ಇಡೀ ಮುಖಕ್ಕೆ ಕೈ ಹಾಕುವ ಮೊದಲು ಕಿವಿಯ ಬಳಿ ರೂಪಾಯಿ ಅಗಲದ ಜಾಗದಲ್ಲಿ ಮಾಡಿ ತೋರಿಸಲು ಕೇಳಿ, ನಾಲ್ಕಾರು ವಾರ ಕಾಯಿರಿ.

ಅತ್ತಿಗೆ ಸದ್ಯ ಸನ್‌ಸ್ಕ್ರೀನ್ ಹಚ್ಚುತ್ತಿದ್ದಾರೆ, ಕನ್ನಡಕ ಮಾಡಿಸಿಕೊಂಡಿದ್ದಾರೆ. ಬಂಗಿಗೆ ಚರ್ಮವೈದ್ಯರು ಮುಲಾಮು ಬರೆದುಕೊಟ್ಟಿದ್ದಾರೆ. ಗುಳಿಗಳನ್ನು ಮದುವೆ ಮುಗಿದ ಮೇಲೆ ನೋಡೋಣ ಎಂದಿದ್ದಾರೆ. ನಿಮ್ಮ ಮನೆಯಲ್ಲೂ ಶುಭಕಾರ್ಯವಿದ್ದು, ಕೈಯಲ್ಲಿ ಆರು ತಿಂಗಳಿದ್ದರೆ ಈಗಲೇ ಚರ್ಮವೈದ್ಯರನ್ನು ಕಾಣಿ. ಉಳಿದಿರುವುದು ತಿಂಗಳೊಪ್ಪತ್ತು ಮಾತ್ರವಾದರೆ ಲೇಸರಿನ ತಂಟೆಗೆ ಹೋಗದೆ, ಆ ದುಡ್ಡನ್ನು ಒಳ್ಳೆಯ ಮೇಕಪ್ಪಿನವರಿಗೆ ಮುಂಗಡ ಕೊಟ್ಟುಬಿಡಿ.